ಹೊತ್ತೊಯ್ಯುವ ಮುನ್ನ ಕೇಳೋಣ



ಜಲಾಶಯದಿಂದ ನದಿಗೆ ನೀರು ಬಿಡುವ ಮುನ್ನ ತೀರದ ಊರುಗಳಲ್ಲಿ ಡಂಗುರ ಸಾರಿಸುವುದು, ಧ್ವನಿವರ್ಧಕದಲ್ಲಿ ಕೂಗಿ ಎಚ್ಚರಿಸುವುದು ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದವರಿಗೆ ಹೊಸತಲ್ಲ. ಆದರೆ ಕಿವಿ ಕೇಳದವನಿಗೆ ಆ ಡಂಗುರ ಮುಟ್ಟುವ ಬಗೆ ಎಂತು? ಎತ್ತರದ ಸ್ಥಳಕ್ಕೆ ತೆರಳಿರೆಂದು ಸಾರಿದರೆ, ವರ್ಷಗಳಿಂದ ಹಾಸಿಗೆ ಬಿಟ್ಟೇಳದ ತಾಯಿ ತೆರಳುವುದಾದರೂ ಹೇಗೆ?

2019ರ ಆಗಸ್ಟ್ ತಿಂಗಳಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಜಲಾವೃತವಾದಾಗ ಶಾಲೆಗಳು, ಕಲ್ಯಾಣ ಮಂಟಪಗಳು, ಮಠಗಳು ಬಾಗಿಲು ತೆರೆದವು. ಭಕ್ತರು ಹಗಲಿರುಳೆನ್ನದೆ ದುಡಿದರು. ಅದು ಸ್ತುತ್ಯವೇ ಸರಿ. ಆದರೆ ನಮ್ಮ ಇಂಥ ಕಟ್ಟಡಗಳಿಗೆ ಎಷ್ಟು ಮೆಟ್ಟಿಲುಗಳಿವೆಯೆಂದು ನಾವು ಎಂದಾದರೂ ಎಣಿಸಿದ್ದೇವೆಯೇ? ನಡೆಯಲಾರದವನನ್ನು ನಾಲ್ವರು ಎತ್ತಿ ದೋಣಿಗೆ ಹಾಕುತ್ತಾರೆ, ಅವನ ಗಾಲಿಕುರ್ಚಿ ನೀರಿನಲ್ಲಿಯೇ ಉಳಿಯುತ್ತದೆ. ಜೀವ ಉಳಿಯಿತು, ನಿಜ. ಆದರೆ ಆ ಕ್ಷಣದಿಂದ ಶೌಚಕ್ಕೂ ಅವನು ಪರರ ಕೈ ಕಾಯಬೇಕು. ಅವನನ್ನು ಮೊದಲೇ ಕೇಳಿದ್ದರೆ ಕುರ್ಚಿಯನ್ನೂ ತನ್ನಿರೆಂದು ಹೇಳುತ್ತಿದ್ದ.

ಇದು ಒಂದು ವರ್ಷದ ನೆರೆಯ ಮಾತಲ್ಲ. ವಾತಾವರಣದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಆದುದರಿಂದಲೇ ಸುರಿದಾಗ ಒಮ್ಮೆಲೇ ಸುರಿಯುವ ಮಳೆ ಹೆಚ್ಚುತ್ತಿದೆ. ಮತ್ತೊಂದೆಡೆ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಕೊಡ ಹೊತ್ತು ದೂರ ನಡೆಯಲಾಗದವರು ಆ ವರ್ಷ ನೀರಿಗಾಗಿ ಯಾರ ಬಾಗಿಲು ಬಡಿದರೋ! ಬಿಸಿಲಿನ ವಿಷಯವಂತೂ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ: ಬೆನ್ನುಹುರಿಗೆ ಪೆಟ್ಟು ಬಿದ್ದವರ ದೇಹ ಪೆಟ್ಟಿನ ಕೆಳಗಿನ ಭಾಗದಲ್ಲಿ ಸರಿಯಾಗಿ ಬೆವರುವುದಿಲ್ಲ, ಮನೋರೋಗಕ್ಕೆ ನೀಡುವ ಕೆಲವು ಔಷಧಿಗಳೂ ಬೆವರನ್ನು ತಗ್ಗಿಸುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲು ನಮಗೆ ಬರೀ ಕಷ್ಟ, ಅವರಿಗೆ ಪ್ರಾಣಾಪಾಯ.

ವಿಕಲಚೇತನರೆಂಬ ಪದವೇ ನನಗೆ ಪೂರ್ಣ ಒಪ್ಪಿತವಲ್ಲ. ವಿಕಲವಾಗಿರುವುದು ಅಂಗವೇ ಹೊರತು ಚೇತನವಲ್ಲ. ಸರ್ಕಾರಿ ಕಡತಗಳಲ್ಲಿ ರೂಢಿಯಾಗಿರುವುದರಿಂದ ಬಳಸುತ್ತಿದ್ದೇನೆ. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಇವರ ಸಂಖ್ಯೆ 13.24 ಲಕ್ಷ. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಗಳನ್ನು ಹೆಸರಿಸುತ್ತದೆ. ಅದೇ ಅಧಿನಿಯಮದ 8ನೆಯ ಪ್ರಕರಣವು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆಯನ್ನು ಇರಿಸಬೇಕು, ಅಪಾಯ ಒದಗುವಾಗ ಅವರಿಗೆ ತಿಳಿಸಲು ಸೂಕ್ತ ಕ್ರಮ ಕೈಗೊಳ್ಳಬೇಕು ಎಂದು ಸ್ಪಷ್ಟವಾಗಿ ವಿಧಿಸಿದೆ. ಕಾನೂನಿನಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ನಮ್ಮ ನೋಟದಲ್ಲಿ. ಲೋಕದ ಸ್ಥಿತಿಯೂ ಬೇರೆಯಲ್ಲ. 2022ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದಾಗ, ಪ್ಯಾರಿಸ್ ಒಪ್ಪಂದದ 192 ಸದಸ್ಯರ ಹವಾಮಾನ ಸಂಕಲ್ಪಪತ್ರಗಳಲ್ಲಿ ವಿಕಲಚೇತನರ ಉಲ್ಲೇಖವಿದ್ದುದು ಕೇವಲ 35ರಲ್ಲಿ.

ಅವರನ್ನು ನಾವು ಕರುಣೆಯ ಪಾತ್ರರೆಂದೇ ಬಗೆದಿದ್ದೇವೆ. ಕರುಣೆ ಕೆಟ್ಟದ್ದಲ್ಲ, ಆದರೆ ಅದು ಎದುರಿನವರನ್ನು ಕೇಳುವುದನ್ನು ಮರೆಯುತ್ತದೆ. ಪ್ಲಾಸ್ಟಿಕ್ ಕೊಳವೆಯ ಪ್ರಸಂಗವನ್ನೇ ನೋಡಿರಿ. 2022ರ ಜುಲೈ 1ರಿಂದ ದೇಶದಲ್ಲಿ ಅದರ ನಿಷೇಧವಾಯಿತು. ನಿಷೇಧದ ಉದ್ದೇಶ ನಿರ್ವಿವಾದ. ಆದರೆ ಕೈ ನಡುಗುವುದರಿಂದ ಲೋಟ ಎತ್ತಲಾರದವರಿಗೆ ಆ ಬಾಗುವ ಕೊಳವೆ ವಿಲಾಸದ ವಸ್ತುವಾಗಿರಲಿಲ್ಲ. ಬಿಸಿ ಹಾಲಿನಲ್ಲಿ ಕಾಗದದ ಕೊಳವೆ ಮೆತ್ತಗಾಗುತ್ತದೆ, ಲೋಹದ್ದು ತುಟಿ ಸುಡುತ್ತದೆ. ಅಂಥವರೊಬ್ಬರಿಗೆ ಸಭೆಯಲ್ಲಿ ಪೀಠವಿದ್ದಿದ್ದರೆ ಅವರಿಗಾಗಿ ಒಂದು ವಿನಾಯಿತಿ ಸುಲಭವಾಗಿ ಹೊಳೆಯುತ್ತಿತ್ತು.

ಕೇಳಿದರೆ ಏನಾಗುತ್ತದೆಂಬುದಕ್ಕೆ ನೆರೆಯ ಬಾಂಗ್ಲಾದೇಶದ ಗಾಯಿಬಂಧಾ ಜಿಲ್ಲೆ ಸಾಕ್ಷಿ. ಬ್ರಹ್ಮಪುತ್ರಾ, ತೀಸ್ತಾ ನದಿಗಳ ನೆರೆಗೆ ಮತ್ತೆ ಮತ್ತೆ ತುತ್ತಾಗುವ ಆ ನೆಲದಲ್ಲಿ ವಿಕಲಚೇತನರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು, ಸ್ಥಳೀಯ ವಿಪತ್ತು ನಿರ್ವಹಣಾ ಸಮಿತಿಗಳಲ್ಲಿ ಸ್ಥಾನ ಪಡೆದರು. ಆಶ್ರಯತಾಣಗಳಿಗೆ ಇಳಿಜಾರು ದಾರಿಗಳಾದವು. ಮನೆ ಮನೆಗೆ ಎಚ್ಚರಿಕೆ ಮುಟ್ಟಿಸುವ ಕಾಯಕವನ್ನೂ ಅವರೇ ವಹಿಸಿಕೊಂಡರು.

ಇದು ನಮಗೆ ಅಸಾಧ್ಯವೆನ್ನುವಂತಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ. ಯಾವ ಓಣಿಯ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರಿಗೆ ಸನ್ನೆಯಿಂದ ಹೇಳಬೇಕು, ಯಾವ ಮಗು ಗದ್ದಲಕ್ಕೆ ಬೆದರುತ್ತದೆ ಎಂಬುದು ಅವರಿಗೆ ಕರತಲಾಮಲಕ. ಆದರೂ ಗಿಡ ನೆಡುವ, ಕೆರೆಯ ಹೂಳೆತ್ತುವ, ನೆರೆಗೆ ಸಜ್ಜಾಗುವ ಸಭೆಗಳಿಗೆ ಅವರನ್ನು ಕರೆಯುವ ವಾಡಿಕೆ ನಮ್ಮಲ್ಲಿ ಬೆಳೆದಿಲ್ಲ. ನಮ್ಮ ಮಠಗಳ ಸಭೆಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ದಾಸೋಹದ ಪಂಕ್ತಿಯಲ್ಲಿ ಅವರಿಗೆ ಎಡೆ ಹಾಕುವ ನಾವು ಸಭೆಯಲ್ಲಿ ಗದ್ದುಗೆ ಹಾಕುವುದಿಲ್ಲ.

ಮುಂಗಾರಿಗೆ ಮುನ್ನ, ಮೇ ತಿಂಗಳಿನಲ್ಲಿಯೇ, ನದೀತೀರದ ಭಕ್ತರು ತಂತಮ್ಮ ಪಂಚಾಯಿತಿಯ ಆ ಕಾರ್ಯಕರ್ತರನ್ನು ಸಭೆಗೆ ಬರಮಾಡಿಕೊಳ್ಳಲಿ. ಅವರ ಮಾತಿನಿಂದಲೇ ಸಭೆ ಆರಂಭವಾಗಲಿ. ಪ್ರಸಾದ ನಿಲಯದ ಮುಂದಿನ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಗಾರೆಯವರಿಗೆ ತಿಳಿಯದಿದ್ದರೆ, ಗಾಲಿಕುರ್ಚಿಯವರನ್ನೇ ಕರೆದು ಹತ್ತಿಸಿ, ಇಳಿಸಿ ನೋಡಲಿ.