ಗಣಕಕ್ಕೆ ನಿವೃತ್ತಿ ವಿಧಿಸುವವರು ಯಾರು?

ಸರ್ಕಾರಿ ನೌಕರನ ನಿವೃತ್ತಿಯನ್ನು ಸೇವಾ ನಿಯಮ ನಿರ್ಧರಿಸುತ್ತದೆ. ನನ್ನದೂ ಹಾಗೆಯೇ ಆಯಿತು. ಆದರೆ ಮನೆಯ ಗಣಕದ ನಿವೃತ್ತಿಯನ್ನು ಅದರ ಒಡೆಯ ನಿರ್ಧರಿಸಬೇಕೋ, ತಂತ್ರಾಂಶದ ತಯಾರಕನೋ? ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯ, ಹೊಸ ಪ್ರೊಸೆಸರ್‌ಗಳಿಲ್ಲದ ಗಣಕಗಳು ಸುಸ್ಥಿತಿಯಲ್ಲಿದ್ದರೂ ಅನರ್ಹ.

ನನ್ನ ಹಳೆಯ ಗಣಕಕ್ಕೆ ಲಿನಕ್ಸ್ ಆಧಾರಿತ ಉಬುಂಟುವನ್ನು ಅಳವಡಿಸಿಕೊಂಡೆ. ಪರವಾನಗಿ ಶುಲ್ಕವಿಲ್ಲ, ಪತ್ರ, ಲೆಕ್ಕಪತ್ರ, ಅಂತರ್ಜಾಲಗಳಿಗೆ ಧಾರಾಳವಾಗಿ ಸಾಕು. ಅಳವಡಿಸುವ ಮೊದಲೇ ಪೆನ್ ಡ್ರೈವ್‌ನಿಂದ ಚಾಲನೆ ಮಾಡಿ ಪರೀಕ್ಷಿಸಲೂಬಹುದು.

ಬೆಲೆ ಶೂನ್ಯವೆಂದ ಮಾತ್ರಕ್ಕೆ ವೆಚ್ಚ ಶೂನ್ಯವಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಕನ್ನಡ ಕಡತಗಳನ್ನು ಮುಂಚಿತವಾಗಿ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಈ ಶ್ರಮ ಇಂದಲ್ಲ ನಾಳೆ ಅನಿವಾರ್ಯವೇ. ನಮ್ಮ ಬರಹ ಒಂದೇ ತಂತ್ರಾಂಶದ ಹಂಗಿನಲ್ಲಿರಬಾರದು.

ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲಿಯೇ ಗಣಕ ಶಿಕ್ಷಣ ನೀಡುತ್ತಿವೆ. ಮಕ್ಕಳಿಗೆ ಒಗ್ಗಿದ್ದು ಹಿರಿಯರಿಗೆ ಒಗ್ಗದೇ? ಸುಸ್ಥಿತಿಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಗೃಹಸ್ಥರೂ, ಸಾರ್ವಜನಿಕ ಹಣದಲ್ಲಿ ಹೊಸದನ್ನು ಕೊಳ್ಳುವ ಮುನ್ನ ಇಲಾಖೆಗಳೂ ಒಮ್ಮೆ ಯೋಚಿಸಲಿ.