ಮಗಳ ಆತ್ಮಗೌರವವೂ ಮನೆಯವರ ಮಾತೂ

ಶಾಲೆ ತೆರೆಯುವ ದಿನಗಳಲ್ಲಿ ಶಿರಗುಪ್ಪಿಯ ತಾಯಿಯೊಬ್ಬಳು ಮಗಳನ್ನು ನಮ್ಮ ಬಳಿಗೆ ಕರೆತಂದು, “ಇದು ಭಾಳ ದಡ್ಡ ಐತ್ರೀ ಅಕ್ಕಾರ, ನಾಕು ಹೊಡದು ಕಲಸ್ರಿ” ಎಂದಳು. ಆಕೆಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಹೊಗಳಿದರೆ ದೃಷ್ಟಿ ತಾಗೀತು, ಮಗಳು ಗರ್ವಿಷ್ಠೆಯಾದಾಳು ಎಂಬ ಭಯದಿಂದ ನಮ್ಮ ಕಡೆಯ ತಾಯ್ತಂದೆಗಳು ಹೀಗೆ ನುಡಿಯುವದುಂಟು. ಆದರೆ ಬದಿಯಲ್ಲಿ ನಿಂತ ಹುಡುಗಿ ತಲೆ ತಗ್ಗಿಸಿದಳು. ಅದನ್ನು ಮತ್ತೆ ಎತ್ತಿಸುವದಕ್ಕೆ ನಮಗೆ ಒಂದು ವರುಷವೇ ಹಿಡಿಯಿತು.

ಮಕ್ಕಳು ತಾಯ್ತಂದೆಗಳಿಗೆ ವಿಧೇಯರಾಗಿರಬೇಕೆಂಬ ಅಪೊಸ್ತಲ ಪೌಲನ ಆಜ್ಞೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿಸುತ್ತೇವೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಅದರ ಮರುವಚನವೇ ತಂದೆಗಳಿಗೆ ಕೊಟ್ಟ ಎಚ್ಚರಿಕೆಯಾಗಿದೆ. ಮಕ್ಕಳ ಮನಸ್ಸು ಕುಂದಬಾರದೆಂಬುದೇ ಅದರ ತಾತ್ಪರ್ಯ. ಅದನ್ನು ಬಾಯಿಪಾಠ ಮಾಡಿದ ತಂದೆಗಳು ಅಪರೂಪ.

ಹಾಗಾದರೆ ಸದಾ ಹೊಗಳುತ್ತಿರಬೇಕೋ? ನನ್ನ ಅಭಿಪ್ರಾಯ ಹಾಗಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರನ್ನು ನೆನೆಯಿರಿ. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ, ಊಟವಾದ ಮೇಲೆ ತನ್ನಿಂದ ಎಂಜಲೆಲೆ ತೆಗೆಸುವರೇನೋ ಎಂಬ ಅಳುಕು ತಮಗಿತ್ತೆಂದು ಗಂಗೂಬಾಯಿಯವರೇ ಮುಂದೆ ಸ್ಮರಿಸಿಕೊಂಡರು. ಹೊರಗಿನ ಲೋಕವು ಮನುಷ್ಯರನ್ನು ಜಾತಿಯಿಂದ ಅಳೆಯುತ್ತಿದ್ದ ಆ ಕಾಲದಲ್ಲಿ ತಾಯಿ ಮಾಡಿದ್ದೇನು? ಮಗಳ ಸಂಗೀತಕ್ಕಾಗಿ 1928ರಲ್ಲಿ ಸಂಸಾರವು ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂದಿತು. ಕರ್ನಾಟಕ ಸಂಗೀತದಲ್ಲಿ ಪಳಗಿದ್ದ ಅಂಬಾಬಾಯಿಯವರು, ಹಿಂದುಸ್ತಾನಿ ಕಲಿಯುತ್ತಿದ್ದ ಮಗಳಿಗೆ ತಮ್ಮ ಪದ್ಧತಿಯು ಅಡ್ಡಬಾರದಿರಲೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ವಿದ್ಯೆಯು ತನ್ನದಕ್ಕಿಂತ ಕಡಿಮೆಯಲ್ಲವೆಂದು ನಡೆಯಿಂದಲೇ ತೋರಿಸಿದ ರೀತಿಯಿದು. ಪ್ರತಿಯೊಬ್ಬ ತಾಯಿಯೂ ತನ್ನ ಹಾಡನ್ನು ಬಿಡಬೇಕೆಂದು ನಾನು ಹೇಳಲಾರೆ. ಆ ತ್ಯಾಗವನ್ನು ನೆನೆದಾಗ ನನಗೆ ಸಂಕಟವೇ ಆಗುವದು. ಗಂಗೂಬಾಯಿಯವರಾದರೋ ತಮ್ಮ ಮಗಳು ಕೃಷ್ಣಾ ಅವರನ್ನು ವೇದಿಕೆಯ ಮೇಲೆ ಜತೆಗೆ ಕೂಡಿಸಿಕೊಂಡು ಅನೇಕ ವರುಷ ಹಾಡಿದರು. ನನಗೆ ಈ ಮಾರ್ಗವು ಇನ್ನೂ ಮೇಲಾಗಿ ತೋರುವದು.

ಪೂರ್ವ ವಿದ್ಯಾರ್ಥಿನಿಯರಾದ ಸೋದರಿಯರಿಗೂ ಒಂದು ಮಾತು. ಕಲಿತು ಊರಿಗೆ ಹೋದ ಮಗಳು ನೆಂಟರ ಮುಂದೆ ತಾಯಿಯ ಮಾತನ್ನು ತಿದ್ದಿ ನಗುವದನ್ನು ನಾನು ಕಂಡಿದ್ದೇನೆ. ಆಗ ತಗ್ಗುವ ತಲೆ ತಾಯಿಯದು. ನಾವು ಕಲಿಸಿದ ವಿದ್ಯೆಯಿಂದ ಇಷ್ಟೇ ಆಗುವದಾದರೆ ಆ ದೋಷದಲ್ಲಿ ನಮ್ಮ ಪಾಲೂ ಉಂಟು.

ಶಿರಗುಪ್ಪಿಯ ಆ ಹುಡುಗಿ ಹಾಗೆ ಮಾಡಲಿಲ್ಲ. ರಜೆಯಲ್ಲಿ ಕೂತು ತಾಯಿಗೆ ಹೆಸರು ಬರೆಯುವದನ್ನು ಕಲಿಸಿದಳು. ಮರುವರುಷ ಆಕೆಯ ಪ್ರಗತಿಪತ್ರಕದ ಮೇಲೆ ಹೆಬ್ಬೆಟ್ಟಿನ ಗುರುತಿಗೆ ಬದಲಾಗಿ ಸಹಿ ಬಂದಿತು.