ಸ್ಫೂರ್ತಿಗೆ ಹತ್ತು ನಿಮಿಷ

ಸ್ಫೂರ್ತಿ ಬತ್ತಿತೆಂದು ಗೋಳಿಡುವ ನಮ್ಮ ಪೇಟೆಯ ಸಾಹಿತಿಗಳಿಗೆ ಗುಂಡ್ಲುಪೇಟೆಯ ಗೋಪಾಲಸ್ವಾಮಿ ಬೆಟ್ಟ ಔಷಧಾಲಯವಾಗಿಬಿಟ್ಟಿದೆ. ಮಂಜು ನೋಡಿ ಇಳಿದರೆ ಕವಿತೆ ಬಂತೆಂದೇ ಲೆಕ್ಕ! ಬೆಟ್ಟದ ಮೇಲೆ ನನಗೆ ಮುನಿಸಿಲ್ಲ. ಆದರೆ ಇದೇ ಸೀಮೆಯ ಹಳ್ಳಿಗಳಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರನನ್ನು ಈ ಮಹನೀಯರು ಒಮ್ಮೆಯಾದರೂ ಕೇಳಬಾರದೆ?

ಆತ ಸ್ಫೂರ್ತಿಗಾಗಿ ಕಾದು ಕೂರುವವನಲ್ಲ. ಹರಕೆ ಹೊತ್ತವರ ಅಂಗಳದಲ್ಲಿ ತಂಬೂರಿ ಮೀಟುತ್ತ, ಗಗ್ಗರ ಆಡಿಸುತ್ತ ಬೆಳಗಿನವರೆಗೆ ಹಾಡುವವನು. ಕಥೆ ಹಳೆಯದೇ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದದ್ದು ಕೂತವರಿಗೆಲ್ಲ ಗೊತ್ತು. ಆದರೂ ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಂತೆ, ಮೂಲೆಯ ಮುದುಕಿ ಕಣ್ಣೊರಸಿಕೊಂಡಂತೆ ಮಾತು ಹಿಗ್ಗುತ್ತದೆ, ನಿನ್ನೆಯಿಲ್ಲದ ಸಾಲು ಇಂದು ಹುಟ್ಟುತ್ತದೆ. ಕೇಳುವವರು ತೂಕಡಿಸಿದರೋ, ಕಥೆಯೂ ಕುಗ್ಗಿತೆನ್ನಿ. ಅವನ ಸ್ಫೂರ್ತಿಯಲ್ಲಿ ಅರ್ಧ ಪಾಲು ಕೇಳುಗರದು.

ಆ ಪಾಲನ್ನು ನಾವು ಸಲ್ಲಿಸುತ್ತಿರುವ ರೀತಿಯಾದರೂ ಎಂಥದು? 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾಕೇಂದ್ರವೆಂದ ಮೇಲೆ ಉತ್ಸವಗಳಿಗೇನು ಕೊರತೆ! ಅಚ್ಚಾದರೆ ನೂರಾರು ಪುಟ ತುಂಬುವ ಕಾವ್ಯವನ್ನು ನಾಲಗೆಯ ಮೇಲೆ ಇಟ್ಟುಕೊಂಡವನನ್ನು ವೇದಿಕೆಗೆ ಕರೆಸಿ, ಭಾಷಣಗಳೆಲ್ಲ ಮುಗಿದ ಮೇಲೆ, ‘ಹತ್ತೇ ನಿಮಿಷ, ಬೇಗ ಮುಗಿಸಪ್ಪ’ ಎನ್ನುತ್ತೇವೆ. ಗುರುವನ್ನು ನೆನೆಯುವಷ್ಟರಲ್ಲಿ ಚೀಟಿ ಬರುತ್ತದೆ. ಕಂಸಾಳೆಯವರ ಪಾಡು ಇನ್ನೂ ಕನಿಷ್ಠ: ಮಾದೇಶ್ವರನ ಕಥೆ ಬೇಡ, ಕುಣಿತ ಸಾಕು. ಮಾರನೆಯ ದಿನ ನಮ್ಮಂಥ ಅಧ್ಯಾಪಕರು ವಿಚಾರಸಂಕಿರಣದಲ್ಲಿ ‘ಜಾನಪದ ಪ್ರತಿಭೆ ಕ್ಷೀಣಿಸುತ್ತಿದೆ’ ಎಂದು ಮುಕ್ಕಾಲು ಗಂಟೆ ಮರುಗುತ್ತೇವೆ!

ಉತ್ಸವದ ಒಂದು ರಾತ್ರಿಯನ್ನು ಪೂರ್ತಿ ಆತನಿಗೆ ಬಿಡಲಿ. ಭಾಷಣಕಾರರು ಬೇಕಾದರೆ ಚಾಪೆಯ ಮೇಲೆ ಕೂತು ಸೊಲ್ಲು ಹೇಳಲಿ.